ಮಾರ್ಷಲ್ ಮುಚ್ಚಿದ ಬಾಗಿಲು

ತರಗತಿಯ ಅಣಕು ಶಾಸನಸಭೆಗೆ ಚೀಟಿ ಎತ್ತುವಾಗ ಏಣಿ ಎಂಬ ಹುಡುಗಿ ಬೇಡಿಕೊಂಡದ್ದು ಇಷ್ಟೇ. ಮಂತ್ರಿಗಿರಿ ಬೇಡ, ವಿರೋಧ ಪಕ್ಷದ ನಾಯಕಿಯ ಪಟ್ಟವೂ ಬೇಡ, ಸುಮ್ಮನೆ ಕೈ ಎತ್ತಿ ಮತ ಹಾಕುವ ಒಬ್ಬ ಸದಸ್ಯೆಯಾದರೆ ಸಾಕು. ಅದೃಷ್ಟ ಎಂದಾದರೂ ಬೇಡಿದವರ ಮಾತು ಕೇಳಿದ್ದುಂಟೇ? ಚೀಟಿ ಬಿಚ್ಚಿದರೆ ಅದರಲ್ಲಿ "ಮಾರ್ಷಲ್" ಎಂದಿತ್ತು. ಇಡೀ ತರಗತಿಯಲ್ಲಿ ಮತವೂ ಇಲ್ಲದ, ಮಾತೂ ಇಲ್ಲದ ಒಂದೇ ಒಂದು ಹುದ್ದೆ ಅದು.

"ಸರಿಯಾಗೇ ಬಂತು ಬಿಡು. ಗಲಾಟೆ ಮಾಡಿದವರನ್ನ ಎತ್ತಿ ಹೊರಗೆ ಹಾಕೋಕೆ ಏಣಿನೇ ಬೇಕು" ಎಂದ ಪಟಾಕಿ. ಎಲ್ಲರೂ ನಕ್ಕರು. ತರಗತಿಗೆಲ್ಲ ಎತ್ತರದವಳಾದ್ದರಿಂದ ಅವಳು ಏಣಿ. ಬಾಯಿಗೆ ಬೀಗವಿಲ್ಲದ್ದರಿಂದ ಅವನು ಪಟಾಕಿ. ಇಬ್ಬರೂ ಕೊನೆಯ ಬೆಂಚಿನವರು. ಏಣಿಯೂ ನಕ್ಕಳು. ನಗದೆ ಇದ್ದರೆ ಇನ್ನೂ ನಾಲ್ಕು ದಿನ ಅದೇ ಹಾಡು ಹಾಡುತ್ತಾರೆ ಎಂದು ಅವಳಿಗೆ ಗೊತ್ತಿತ್ತು.

ಈ ಆಟ ಹೂಡಿದ್ದು ಪೌರನೀತಿ ಟೀಚರ್. ಶಾಸಕಾಂಗದ ಪಾಠವೆಂದರೆ ಮಕ್ಕಳಿಗೆ ನಿದ್ದೆ ಮಾತ್ರೆ. ಹೋದ ವರ್ಷ ಅದನ್ನು ಓದಿ ಹೇಳುತ್ತಾ ಹೇಳುತ್ತಾ ಅವರಿಗೇ ಆಕಳಿಕೆ ಬಂದಿತ್ತಂತೆ. ಈ ಸಲ ಅವರು ಬೆಂಚುಗಳನ್ನು ಎದುರುಬದುರು ಹಾಕಿಸಿ ತರಗತಿಯನ್ನೇ ಶಾಸನಸಭೆ ಮಾಡಿದರು. ಅಷ್ಟೇ ಆಗಿದ್ದರೆ ಮಕ್ಕಳು ಅದನ್ನೂ ಆಕಳಿಸಿಯೇ ಮುಗಿಸುತ್ತಿದ್ದರು. ಆದರೆ ಸಭೆ ಪಾಸು ಮಾಡಿದ ಕಾಯಿದೆ ವರ್ಷದ ಕೊನೆಯವರೆಗೆ ತರಗತಿಯಲ್ಲಿ ನಿಜವಾಗಿಯೂ ಜಾರಿಯಲ್ಲಿರುತ್ತದೆ ಎಂದು ಟೀಚರ್ ಮಾತು ಕೊಟ್ಟರು. ಹೆಡ್‌ಮಾಸ್ತರು ಖರ್ಚು ಬರಬಾರದು, ಗಲಾಟೆ ಆಗಬಾರದು ಎಂಬ ಎರಡು ಷರತ್ತಿನ ಮೇಲೆ ಒಪ್ಪಿದರು. ಎರಡನೆಯ ಷರತ್ತು ಮೊದಲ ಹತ್ತು ನಿಮಿಷದಲ್ಲೇ ಮಣ್ಣುಪಾಲಾಯಿತು.

ಆಡಳಿತ ಪಕ್ಷದ ಕಡೆಯಿಂದ ಪಟಾಕಿ ತಂದದ್ದು ಬೆಂಚು ಸರದಿ ಮಸೂದೆ. ಆ ಶಾಲೆಯಲ್ಲಿ ಕುಳ್ಳರು ಮುಂದೆ, ಎತ್ತರದವರು ಹಿಂದೆ. ವರ್ಷದ ಮೊದಲ ದಿನ ಎಲ್ಲಿ ಕೂರಿಸಿದರೋ ಕೊನೆಯ ದಿನವೂ ಅಲ್ಲೇ. ಹಾಗಲ್ಲ, ವಾರಕ್ಕೊಮ್ಮೆ ಎಲ್ಲರೂ ಒಂದೊಂದು ಬೆಂಚು ಮುಂದೆ ಸರಿಯಬೇಕು, ಮೊದಲ ಬೆಂಚಿನವರು ಹಿಂದಕ್ಕೆ ಹೋಗಬೇಕು ಎನ್ನುವುದು ಮಸೂದೆ. ಅದನ್ನು ಓದಿದಾಗ ಬಾಗಿಲ ಬಳಿ ನಿಂತಿದ್ದ ಏಣಿ ಒಂದು ಹೆಜ್ಜೆ ಒಳಗೆ ಬಂದು ಕಿವಿಗೊಟ್ಟು ಕೇಳಿದಳು.

ಅವಳಿಗೆ ಬೋರ್ಡ್ ಕಾಣುತ್ತಿರಲಿಲ್ಲ. ಕೊನೆಯ ಬೆಂಚಿನಿಂದ ಅಕ್ಷರಗಳೆಲ್ಲ ಒದ್ದೆ ಬಟ್ಟೆಯಲ್ಲಿ ಒರೆಸಿದ ಹಾಗೆ ಕಲಸಿಹೋಗುತ್ತಿದ್ದವು. ಎರಡು ವರ್ಷದಿಂದ ಪಕ್ಕದವಳ ನೋಟ್ಸ್ ನೋಡಿ ಬರೆದುಕೊಂಡು, ಲೆಕ್ಕದಲ್ಲಿ ತಪ್ಪಾದರೆ ಬೈಸಿಕೊಂಡು, ಹೇಗೋ ದಿನ ದೂಡುತ್ತಿದ್ದಳು. ಮಾರ್ಕ್ಸ್ ಮಾತ್ರ ಮೆಟ್ಟಿಲಿಳಿಯುತ್ತಲೇ ಇತ್ತು. ಈ ಸಲ ಫೇಲಾದರೆ ಅದೇ ಕ್ಲಾಸು ಇನ್ನೊಂದು ವರ್ಷ. ಹೇಳಿದ್ದರೆ ಮುಗಿಯುತ್ತಿತ್ತಲ್ಲ ಎಂದು ನೀವು ಕೇಳಬಹುದು. ಹೇಳುವುದು ಯಾರಿಗೆ? ಹೇಳಿದರೆ ಮಾತು ಮನೆಗೆ ಹೋಗುತ್ತದೆ, ಮನೆಯಲ್ಲಿ ಅಪ್ಪ ಇದ್ದಾನೆ.

ಅಪ್ಪ ಬಸ್ ಡ್ರೈವರ್ ಆಗಿದ್ದವನು. ಎರಡು ವರ್ಷದ ಹಿಂದೆ ಕಣ್ಣಿನ ಪರೀಕ್ಷೆಯಲ್ಲಿ ಫೇಲಾದ. ಮೇಲಧಿಕಾರಿಗಳು ಸ್ಟೇರಿಂಗ್ ಕಿತ್ತುಕೊಂಡು, ಪ್ರಯಾಣಿಕರು ಮರೆತುಹೋದ ಕೊಡೆ, ಚೀಲ, ಟಿಫಿನ್ ಡಬ್ಬಿಗಳನ್ನು ಇಡುವ ಡಿಪೋದ ಕೋಣೆಯಲ್ಲಿ ಕೂರಿಸಿದರು. ಅಂದಿನಿಂದ ಅವನು ಮನೆಗೆ ಬಂದರೆ ಕಿಟಕಿ ಪಕ್ಕದ ಕುರ್ಚಿ, ಕಿಟಕಿ ಬಿಟ್ಟರೆ ಊಟ. ರಸ್ತೆಯಲ್ಲಿ ಬಸ್ಸು ಹೋದರೆ ಸದ್ದಿನಲ್ಲೇ "ಕ್ಲಚ್ ಸುಡ್ತಾ ಇದಾನೆ ಬಡ್ಡೀಮಗ" ಎನ್ನುವುದು, ಮತ್ತೆ ಮೌನ. "ನಿಮ್ಮಪ್ಪನ ಮುಂದೆ ಕಣ್ಣಿನ ಮಾತು ಎತ್ತಬೇಡ" ಎಂದು ಅಮ್ಮ ಕಟ್ಟಪ್ಪಣೆ ಮಾಡಿದ್ದಳು. ಅಮ್ಮನ ಅಪ್ಪಣೆಯನ್ನಾದರೂ ಮೀರಬಹುದಿತ್ತೇನೋ. ಆದರೆ ಒಂದು ಸಂಜೆ ಅಪ್ಪ ಅಮ್ಮನ ಹತ್ತಿರ, "ಈ ಪೀಡೆ ನನ್ನ ತಲೆಗೇ ಮುಗೀಲಿ. ಮಗಳಿಗೊಂದು ಬರದೇ ಇದ್ರೆ ಸಾಕು" ಎಂದು ದನಿ ಒಡೆದು ಹೇಳಿದ್ದು ಅವಳ ಕಿವಿಗೆ ಬಿದ್ದಿತ್ತು. ಅದನ್ನು ಕೇಳಿದ ಮೇಲೆ ಯಾವ ಮಗಳು ತಾನೇ ಬಾಯಿ ಬಿಡುತ್ತಾಳೆ? ಈ ಮಸೂದೆ ಪಾಸಾದರೆ ಯಾರಿಗೂ ಏನೂ ಹೇಳದೆ, ಯಾರ ಮನಸ್ಸನ್ನೂ ನೋಯಿಸದೆ, ಅವಳು ನ್ಯಾಯವಾಗಿ ಮುಂದಿನ ಬೆಂಚಿಗೆ ಬರಬಹುದಿತ್ತು.

ಅಂದು ಮೊದಲು ಮತಕ್ಕೆ ಬಂದದ್ದು ಕಸದ ಬುಟ್ಟಿ ಎಲ್ಲಿರಬೇಕೆಂಬ ಪುಟ್ಟ ವಿಷಯ. ಟೀಚರ್ ಕ್ರಮ ವಿವರಿಸಿದರು. ಮತಕ್ಕೆ ಮೊದಲು ಗಂಟೆ ಬಾರಿಸುತ್ತಾರೆ, ಹೊರಗೆ ಹೋದವರು ಅಷ್ಟರಲ್ಲಿ ಒಳಗೆ ಬರಬೇಕು. ಗಂಟೆ ನಿಂತ ಕೂಡಲೇ ಮಾರ್ಷಲ್ ಬಾಗಿಲು ಹಾಕಬೇಕು. ಎಣಿಕೆ ಮುಗಿಯುವತನಕ ಮಂತ್ರಿಯಾಗಲಿ, ಮಂತ್ರಿಯ ಅಪ್ಪನಾಗಲಿ, ಒಳಗೆ ಬರುವಂತಿಲ್ಲ. ಆ ಬಾಗಿಲಿನ ಕೆಳಗಿನ ಚಿಲಕ ಯಾವತ್ತೋ ಮುರಿದಿತ್ತು. ಮೇಲಿನದು ಎಟುಕುತ್ತಿದ್ದದ್ದು ಏಣಿಗೊಬ್ಬಳಿಗೇ.

ನೀರು ಕುಡಿಯಲು ಹೋಗಿದ್ದ ವಕೀಲೆ ಬರುವಷ್ಟರಲ್ಲಿ ಗಂಟೆ ನಿಂತುಹೋಯಿತು. ವಕೀಲೆ ಎಂದರೆ ವಿರೋಧ ಪಕ್ಷದ ನಾಯಕಿ, ಮೊದಲ ಬೆಂಚಿನ ಪುಟ್ಟ ಹುಡುಗಿ. ಟೀಚರ್ ಜೊತೆಗೂ ವಾದಿಸಿ ಗೆಲ್ಲುವವಳು. ಏಣಿ ಚಿಲಕ ಹಾಕಿಬಿಟ್ಟಳು. ವಕೀಲೆ ಒಮ್ಮೆ ಬಾಗಿಲು ತಟ್ಟಿದಳು, ಆಮೇಲೆ ಸುಮ್ಮನಾದಳು. ಒಳಗೆ ಪಟಾಕಿಯ ಕಡೆಯವರು ಮೇಜು ಕುಟ್ಟಿದರು. "ರೂಲ್ಸ್ ಅಂದ್ರೆ ರೂಲ್ಸ್!" ಎಂದು ಪಟಾಕಿ ಗಂಟಲು ಹರಿದುಕೊಂಡ. ಬಾಗಿಲು ತೆಗೆದಾಗ ವಕೀಲೆ ಜಗಳವಾಡಲಿಲ್ಲ. "ತಪ್ಪು ನಂದೇ" ಎಂದು ಹೇಳಿ ತನ್ನ ಜಾಗಕ್ಕೆ ಹೋದಳು. ಅವಳ ಕಿವಿ ಮಾತ್ರ ಕೆಂಪಾಗಿತ್ತು.

ಆಮೇಲೆ ಬೆಂಚಿನ ಮಸೂದೆ. ಪಟಾಕಿ ಮಾತಾಡಿದ್ದೇ ಮಾತಾಡಿದ್ದು, ಎಲ್ಲಾ ಫ್ಯಾನಿನ ಬಗ್ಗೆ. "ಫ್ಯಾನ್ ಇರೋದು ಮುಂದೆ, ಕಕ್ಕಸಿನ ಕಿಟಕಿ ಇರೋದು ಹಿಂದೆ. ಅವರಿಗೆ ಗಾಳಿ, ನಮಗೆ ಪರಿಮಳ. ಇದು ಯಾವ ನ್ಯಾಯ, ಅಧ್ಯಕ್ಷರೇ?" ವಕೀಲೆ ಎದ್ದು, "ಕುಳ್ಳರು ಹಿಂದೆ ಕೂತ್ರೆ ನಮಗೆ ಕಾಣೋದು ಏಣಿಯ ಜಡೆ ಮಾತ್ರ, ಅಧ್ಯಕ್ಷರೇ. ಪರೀಕ್ಷೇಲಿ ಜಡೆ ಬಗ್ಗೆ ಪ್ರಶ್ನೆ ಬರಲ್ಲ" ಎಂದಳು. ಅಧ್ಯಕ್ಷನ ಕುರ್ಚಿಯಲ್ಲಿ ಕೂತ ಚೋಟುವಿನ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. "ಸದ್ದು, ಸದ್ದು" ಎಂದು ಅವನು ಕೂಗಿದ್ದು ಯಾರಿಗೂ ಕೇಳಿಸಲಿಲ್ಲ. ಏಣಿ ತುಟಿ ಕಚ್ಚಿಕೊಂಡು ನಿಂತಿದ್ದಳು. ಹಿಂದಿನವರಿಗೆ ಬೋರ್ಡ್ ಕಾಣದಿರಬಹುದು ಎಂಬ ಒಂದು ಮಾತನ್ನು ಯಾರಾದರೂ ಆಡಬಾರದೇ ಎಂದು ಕಾದಳು. ಯಾರೂ ಆಡಲಿಲ್ಲ. ಮಾರ್ಷಲ್ ಮಾತಾಡುವಂತಿಲ್ಲ.

ಅಷ್ಟರಲ್ಲಿ ಪಟಾಕಿ ತನ್ನ ಕಡೆಯ ತಲೆ ಎಣಿಸಿ ಬಿಳಿಚಿಕೊಂಡ. ಗೋಲ್‌ಕೀಪರ್ ಹುಡುಗ ಚರ್ಚೆ ಬೇಸರವಾಗಿ ಮೈದಾನಕ್ಕೆ ಜಾರಿಕೊಂಡಿದ್ದ. ಅವನಿದ್ದರೆ ಒಂದು ಮತದಿಂದ ಗೆಲುವು. ಪಟಾಕಿ ಬಿಟ್ಟ ಬಾಣದ ಹಾಗೆ ಹೊರಗೆ ಓಡಿದ. ಇದನ್ನು ನೋಡಿದ ವಕೀಲೆ ತಕ್ಷಣ ಎದ್ದು, ಚರ್ಚೆ ಸಾಕು, ಮತಕ್ಕೆ ಹಾಕಿ ಎಂದಳು. ಚೋಟು ಹಿತ್ತಾಳೆ ಗಂಟೆ ಎತ್ತಿಕೊಂಡ.

ಗಂಟೆ ಬಾರಿಸುತ್ತಿರುವಷ್ಟು ಹೊತ್ತೂ ಏಣಿ ಕಾರಿಡಾರಿನತ್ತ ನೋಡುತ್ತಿದ್ದಳು. ನೋಡಿ ಏನು ಪ್ರಯೋಜನ, ನಾಲ್ಕು ಹೆಜ್ಜೆಯಾಚೆ ಎಲ್ಲಾ ಮಸುಕು. ಕಿವಿಯೇ ಅವಳಿಗೆ ಗತಿ. ಗಂಟೆ ನಿಂತಿತು. ಆಗಲೇ ದೂರದಲ್ಲಿ ದಬದಬ ಹೆಜ್ಜೆ ಸದ್ದು. "ಏಣೀ, ತಡಿಯೇ! ಬಂದ್ವಿ!" ಪಟಾಕಿಯ ದನಿ.

ಬೇಕಿದ್ದದ್ದು ಒಂದು ಉಸಿರಿನಷ್ಟು ಹೊತ್ತು. ಚಿಲಕ ಬಿಗಿಯಾಗಿದೆ ಎಂದು ತಡಕಾಡಿದರೆ ಸಾಕಿತ್ತು, ಯಾರ ಅಪ್ಪನಿಗೂ ಗೊತ್ತಾಗುತ್ತಿರಲಿಲ್ಲ. ಅವಳ ಆಸೆಯೆಲ್ಲ ಆ ಹೆಜ್ಜೆ ಸದ್ದಿನಲ್ಲಿ ಓಡಿ ಬರುತ್ತಿತ್ತು. ಆದರೆ ಇದೇ ಬಾಗಿಲಿನಾಚೆ ನಿಂತಿದ್ದ ವಕೀಲೆಯ ಕೆಂಪು ಕಿವಿ ನೆನಪಾಯಿತು. ಅವಳಿಗೆ ಒಂದು ನ್ಯಾಯ, ನನ್ನವರಿಗೆ ಇನ್ನೊಂದು ನ್ಯಾಯವೇ? ಏಣಿ ಕೈ ಎತ್ತಿ ಚಿಲಕ ಜಡಿದಳು. ಹೊರಗಿನಿಂದ ಎರಡು ಮೈ ಬಂದು ಬಾಗಿಲಿಗೆ ಅಪ್ಪಳಿಸಿದವು. ಅವಳು ಬೆನ್ನು ಕೊಟ್ಟು ನಿಂತಳು.

ಮಸೂದೆ ಬಿತ್ತು. ಟೀಚರ್ ಎರಡೂ ಕಡೆಯ ಮತಗಳನ್ನು ಬೋರ್ಡಿನ ಮೇಲೆ ಅಂಗೈ ಅಗಲದ ಅಂಕಿಗಳಲ್ಲಿ ಬರೆದರು. ಬಾಗಿಲು ತೆಗೆದದ್ದೇ ಪಟಾಕಿ ನಿಜವಾದ ಪಟಾಕಿಯಂತೆ ಸಿಡಿದ. "ಉಂಡ ಮನೆ ಜಂತೆ ಎಣಿಸೋದು ಅಂದ್ರೆ ಇದೇ! ನಮ್ಮ ಬೆಂಚಿನವಳಾಗಿ ನಮಗೇ ಬಾಗಿಲು ಹಾಕ್ತೀಯಾ? ನೋಡು, ಬೋರ್ಡ್ ನೋಡು! ಓದು, ಎಷ್ಟರಲ್ಲಿ ಸೋತ್ವಿ ಅಂತ ಬಾಯಿಬಿಟ್ಟು ಓದು!"

ಏಣಿ ಬೋರ್ಡಿನತ್ತ ತಿರುಗಿದಳು. ಕಣ್ಣು ಕಿರಿದು ಮಾಡಿದಳು. ಎರಡು ಬಿಳಿ ಉಂಡೆಗಳಿದ್ದವು.

"ಓದೇ!"

"ಕಾಣ್ತಿಲ್ಲ" ಎಂದಳು.

ಯಾರೋ ಕಿಸಕ್ಕೆಂದರು. ವಕೀಲೆ ಎದ್ದು ನಿಂತು, "ಇಷ್ಟು ದೊಡ್ಡದಾಗಿ ಬರೆದಿದ್ದಾರಲ್ಲೇ?" ಎಂದಳು, ವಾದದ ದನಿಯಲ್ಲಲ್ಲ.

"ಕಾಣಲ್ಲ. ಎರಡು ವರ್ಷ ಆಯ್ತು."

ಪಟಾಕಿ ಅವಳ ಹತ್ತಿರ ಬಂದ. "ಹಾಗಾದ್ರೆ ನಮ್ಮೆಲ್ಲರಿಗಿಂತ ಜಾಸ್ತಿ ಈ ಮಸೂದೆ ಬೇಕಾಗಿದ್ದದ್ದು ನಿಂಗೇ ಅಲ್ವಾ?"

"ಹ್ಞೂಂ."

"ಮತ್ಯಾಕೆ ಬಾಗಿಲು ಹಾಕಿದೆ?"

"ಗಂಟೆ ನಿಂತಿತ್ತು" ಎಂದಳು ಏಣಿ.

ಪಟಾಕಿ, ನಾಳೆ ಮಸೂದೆ ಮತ್ತೆ ತರ್ತೀನಿ ಎಂದ. ಬಿದ್ದ ಮಸೂದೆಯನ್ನು ಅದೇ ಅಧಿವೇಶನದಲ್ಲಿ ಮತ್ತೆ ತರುವಂತಿಲ್ಲ ಎಂದು ಟೀಚರ್ ಮೆಲ್ಲಗೆ ಹೇಳಿದರು. "ಥತ್, ಇದೆಂಥಾ ಸರ್ಕಾರ!" ಎಂದು ಅವನು ಕೂತ. ವಕೀಲೆ ತನ್ನ ಪುಸ್ತಕ ಎತ್ತಿಕೊಂಡು ಬಂದಳು. "ಕಾಯಿದೆ ಬೇಡ ಅಂದೆ. ಜಾಗ ಬಿಡಲ್ಲ ಅಂದಿಲ್ಲ. ನನ್ನ ಬೆಂಚಲ್ಲಿ ಗೋಡೆ ಕಡೆ ಕೂತ್ಕೋ, ನಿನ್ನ ಜಡೆ ಯಾರಿಗೂ ಅಡ್ಡ ಬರಲ್ಲ" ಎಂದಳು.

ಬೆಂಚುಗಳನ್ನು ಮತ್ತೆ ಮೊದಲಿನ ಹಾಗೆ ಹಾಕಿದ ಮೇಲೆ ಏಣಿ ಹೋಗಿ ಕೂತಳು. ಮೊದಲ ಬೆಂಚಿನಿಂದಲೂ ಅಕ್ಷರಗಳು ಜೋಡಿ ಜೋಡಿಯಾಗಿ ಅಲ್ಲಾಡಿದವು. ಇದು ಬೆಂಚಿನಿಂದ ಹೋಗುವ ರೋಗವಲ್ಲ ಎಂದು ಅವಳಿಗೆ ಆಗಲೇ ಅರ್ಥವಾದದ್ದು. ತರಗತಿ ಖಾಲಿಯಾದ ಮೇಲೆ ಟೀಚರ್ ಹತ್ತಿರ ಹೋಗಿ, "ಅಪ್ಪನಿಗೆ ಹೇಳ್ಬೇಡಿ ಟೀಚರ್" ಎಂದು ಕಾರಣವನ್ನೆಲ್ಲ ಹೇಳಿದಳು. ಟೀಚರ್ ಅವಳ ಹೆಗಲ ಮೇಲೆ ಕೈ ಇಟ್ಟರು. "ನಾನು ಹೇಳಲ್ಲ ಪುಟ್ಟಾ, ನೀನೇ ಹೇಳು. ಹೇಳದೇ ಇದ್ರೆ ಮಾತ್ರ ನಾಳೆ ನಾನೇ ಮನೆಗೆ ಬರ್ತೀನಿ."

ಸಂಜೆ ಅಪ್ಪ ಕಿಟಕಿ ಪಕ್ಕದ ಕುರ್ಚಿಯಲ್ಲೇ ಇದ್ದ. ಅಮ್ಮ ಹೊಲಿಗೆ ಯಂತ್ರ ತುಳಿಯುತ್ತಿದ್ದಳು. ಏಣಿ ಅಡುಗೆಮನೆ ಬಾಗಿಲಲ್ಲಿ ನಿಂತು ಹೇಳಿಯೇಬಿಟ್ಟಳು. "ಅಪ್ಪಾ, ನಂಗೆ ಬೋರ್ಡ್ ಕಾಣಲ್ಲ."

ಯಂತ್ರ ನಿಂತಿತು. ಅಪ್ಪ ತಿರುಗಲಿಲ್ಲ. "ಎಷ್ಟು ದಿನದಿಂದ?"

"ಎರಡು ವರ್ಷ."

"ಯಾಕೆ ಹೇಳಲಿಲ್ಲ?"

"ಈ ಪೀಡೆ ನಂಗೆ ಬರಬಾರದು ಅಂತ ನೀನು ಅಮ್ಮನ ಹತ್ರ ಹೇಳಿದ್ದು ಕೇಳಿಸ್ಕೊಂಡೆ. ಬಂದಾಗಿತ್ತು. ಹೇಗೆ ಹೇಳ್ಲಿ?"

ರಸ್ತೆಯಲ್ಲಿ ಒಂದು ಬಸ್ಸು ಗೇರು ಕಿರುಗುಟ್ಟಿಸಿಕೊಂಡು ಹೋಯಿತು. ಅಪ್ಪ ಅದಕ್ಕೆ ಏನೂ ಅನ್ನಲಿಲ್ಲ. ಈಗ ಅವಳ ಕಡೆ ತಿರುಗಿ ಕೂತ. "ಅಲ್ಲಿಂದ ನನ್ನ ಮುಖ ಕಾಣತ್ತಾ ನಿಂಗೆ?"

ಸುಳ್ಳು ನಾಲಿಗೆಯ ತುದಿಯಲ್ಲೇ ಇತ್ತು. ಎರಡು ವರ್ಷ ಅದನ್ನು ಹೇಳಿ ಹೇಳಿ ರೂಢಿಯಾಗಿತ್ತು. "ಇಲ್ಲ. ನೀನು ಅಂತ ಗೊತ್ತಾಗತ್ತೆ, ಅಷ್ಟೇ. ನಗ್ತಾ ಇದೀಯೋ ಸಿಟ್ಟಲ್ಲಿದೀಯೋ ಗೊತ್ತಾಗಲ್ಲ. ಸಿಟ್ಟಲ್ಲೇ ಇರ್ತೀಯ ಅಂದ್ಕೊಂಡು ನಾನು ಈ ಕಡೆ ಬರ್ತಾನೇ ಇರ್ಲಿಲ್ಲ."

ಅಪ್ಪ ಕುರ್ಚಿಯಿಂದ ಎದ್ದ. ಕೋಣೆಯ ನಡುವೆ ಬಂದು ನಿಂತು, "ಈಗ?" ಎಂದ.

"ಇನ್ನೂ ಇಲ್ಲ."

ಇನ್ನೆರಡು ಹೆಜ್ಜೆ ಬಂದ. "ಈಗ?"

"ಇನ್ನೂ ಸ್ವಲ್ಪ ಹತ್ರ."

ಅಪ್ಪ ಅವಳ ಎದುರಿಗೇ ಬಂದು ನಿಂತ. ಈಗ ಅವಳಿಗೆ ಅವನ ಮುಖ ಚೆನ್ನಾಗಿ ಕಾಣಿಸಿತು. ಅಪ್ಪನಿಗೆ ಸಿಟ್ಟು ಬಂದಿರಲಿಲ್ಲ.