ಶೋಕೇಸಿನೊಳಗಿನ ಟವರ್

ನಮ್ಮ ಭಾವ ಮನೆಗೆ ಬಂದವರನ್ನು ಚೆನ್ನಾಗಿದ್ದೀರಾ ಎಂದು ಕೇಳಿದ್ದನ್ನು ನಾನಂತೂ ಕಾಣೆ, ಕತ್ತನ್ನು ಕೊಕ್ಕರೆಯಂತೆ ಚಾಚಿ, ಅವರ ಫೋನಿನೊಳಗೆ ಇಣುಕಿ, "ಸಿಗ್ನಲ್ಲು ಎಷ್ಟು ಕಡ್ಡಿ ತೋರಿಸ್ತಿದೆ?" ಎನ್ನುವುದೇ ಅವರ ಕುಶಲಪ್ರಶ್ನೆ. ಐದು ಎಂದವರಿಗೆ ಕುರ್ಚಿ, ನಾಲ್ಕು ಎಂದವರಿಗೆ ಉಪನ್ಯಾಸ.

ಮೂವತ್ತೈದು ವರ್ಷ ದೂರವಾಣಿ ಇಲಾಖೆಯನ್ನು ಹೆಗಲ ಮೇಲೆ ಹೊತ್ತಿದ್ದಾಗಿ ನಂಬಿದ್ದ ಅವರು, ನಿವೃತ್ತರಾದ ಮೇಲೂ ಮನೆಯೊಳಗೇ ಬೂದುಬಣ್ಣದ ಕೋಟು ತೊಟ್ಟು, ಎದೆಜೇಬಿನಲ್ಲಿ ಟೆಸ್ಟರ್ ಸಿಕ್ಕಿಸಿಕೊಂಡು, ತನಿಖೆಗೆ ಬಂದವರ ಗತ್ತಿನಲ್ಲಿ ಓಡಾಡುತ್ತಿದ್ದರು. ಆ ಮನೆಯ ಗೋಡೆಗಳೋ ಎರಡಡಿ ದಪ್ಪ. ಸಿಗ್ನಲ್ಲು ಹೊಸ್ತಿಲವರೆಗೆ ಬಂದು ಮುಖ ತಿರುಗಿಸಿ ಹೋಗುತ್ತಿತ್ತು.

ಅಕ್ಕನ ಎರಡೂ ಮೂತ್ರಪಿಂಡಗಳು ಕೈಕೊಟ್ಟು, ಬದಲಿ ಮೂತ್ರಪಿಂಡದ ಸರದಿಯಲ್ಲಿ ಅವಳ ಹೆಸರು ಮೇಲಕ್ಕೆ ಬಂದಾಗ ಆಸ್ಪತ್ರೆಯವರು ಖಡಾಖಂಡಿತವಾಗಿ ಹೇಳಿದ್ದರು: ಯಾವ ಗಳಿಗೆಯಲ್ಲಾದರೂ ಕರೆ ಬಂದೀತು, ಅರ್ಧ ಗಂಟೆಯಲ್ಲಿ ಉತ್ತರಿಸದಿದ್ದರೆ ಅದು ಮುಂದಿನವರಿಗೆ. ಅಂದೇ ಭಾವ ಮೊಬೈಲ್ ಕಂಪನಿಯಿಂದ, ಮನೆಯ ಇಂಟರ್‌ನೆಟ್ಟಿಗೆ ಜೋಡಿಸುವಂಥ, ಟಿಫಿನ್ ಡಬ್ಬಿಯಷ್ಟು ಗಾತ್ರದ ಪುಟಾಣಿ ಟವರೊಂದನ್ನು ತಂದು ಕಿಟಕಿಯಲ್ಲಿಟ್ಟರು. ಐದು ಕಡ್ಡಿ! ಅಕ್ಕ ಹಾಸಿಗೆಯಲ್ಲೇ ಮಲಗಿ ನನ್ನೊಡನೆ ಫೋನಿನಲ್ಲಿ ಮಾತಾಡಿದಳು.

ಅಷ್ಟಕ್ಕೇ ಬಿಟ್ಟಿದ್ದರೆ ಅವರು ನಮ್ಮ ಭಾವ ಹೇಗಾದಾರು? ಇಂಥ ಸಾಧನೆ ಮೂಲೆಯಲ್ಲಿ ಧೂಳು ತಿನ್ನುವುದೇ? ಒಂದು ಬೆಳಿಗ್ಗೆ ಅದನ್ನೆತ್ತಿ, ನಡುಮನೆಯ ಗಾಜಿನ ಶೋಕೇಸಿನಲ್ಲಿ, ತಮ್ಮ ಬೀಳ್ಕೊಡುಗೆಯ ಫಲಕದ ಪಕ್ಕದಲ್ಲೇ ಪ್ರತಿಷ್ಠಾಪಿಸಿದರು.

ಮಧ್ಯಾಹ್ನ ನಾನು ಹೋದಾಗ ಅದೇ ಪ್ರಶ್ನೆ.

"ಒಂದೂ ಇಲ್ಲ, ಭಾವ."

"ನಿನ್ನ ಫೋನೇ ಡಬ್ಬಾ ಕಣಯ್ಯಾ."

ಒಳಗಿನಿಂದ ಅಕ್ಕನ ಕ್ಷೀಣ ಧ್ವನಿ: "ನಂದೂ ಡಬ್ಬಾನೇನ್ರೀ? ಬೆಳಿಗ್ಗೆಯಿಂದ ಒಂದೂ ಕರೆ ಬಂದಿಲ್ಲ."

ಶೋಕೇಸಿನೊಳಗೆ ಡಬ್ಬಿಯ ಹಸಿರು ದೀಪ ಕೆಂಪಾಗಿತ್ತು. ಭಾವ ಅದನ್ನು ನೋಡಿದರು, ಅಕ್ಕನ ಕೋಣೆಯತ್ತ ನೋಡಿದರು. ಮರುಕ್ಷಣ ಒಳನುಗ್ಗಿ ಅವಳ ಫೋನು ಕಿತ್ತುಕೊಂಡು, ಗೂಟದಲ್ಲಿದ್ದ ಕೋಟನ್ನೂ ಮರೆತು, ಬರಿಗಾಲಲ್ಲಿ ಬೀದಿಗೆ ಓಡಿದರು. ನಾನು ಬೆನ್ನಟ್ಟಿ ಹೋದಾಗ ಫೋನನ್ನು ತಲೆಯ ಮೇಲೆತ್ತಿ ನಿಂತಿದ್ದರು. ಒಂದೇ ಕಡ್ಡಿ. ತಪ್ಪಿದ ಕರೆಗಳ ಸಂದೇಶ ಬಂದಿತ್ತು: ಆಸ್ಪತ್ರೆಯಿಂದ ಮೂರು ಕರೆ, ಮೊದಲನೆಯದು ಬಂದು ಇಪ್ಪತ್ತೇಳು ನಿಮಿಷ. ಅವರು ಫೋನು ಕೆಳಗಿಳಿಸಲೊಲ್ಲರು, ಮರಳಿ ಕರೆ ಮಾಡುವ ಗುಂಡಿಯನ್ನು ನಾನೇ ಒತ್ತಿದೆ.

"ಬರ್ತಿದೀವಿ! ದಮ್ಮಯ್ಯ, ಹೆಸರು ತೆಗೀಬೇಡಿ!" ಭಾವ ಕೂಗಿದ್ದಕ್ಕೆ ಇಡೀ ಬೀದಿ ತಿರುಗಿ ನೋಡಿತು.

ಹೊಸ ಮೂತ್ರಪಿಂಡ ಪಡೆದ ಅಕ್ಕ ಈಗ ಚೇತರಿಸಿಕೊಂಡಿದ್ದಾಳೆ. "ಇದಕ್ಕೆ ಆಕಾಶ ಕಾಣ್ಬೇಕು ಸಾರ್, ಕೈಪಿಡಿಯ ಮೊದಲ್ನೇ ಪುಟದಲ್ಲೇ ಇದೆ" ಎಂದ ಕಂಪನಿಯವನ ಮಾತಿನಂತೆ ಡಬ್ಬಿ ಕಿಟಕಿಗೆ ಮರಳಿದೆ. ಶೋಕೇಸಿನಲ್ಲೀಗ ಆ ಕೈಪಿಡಿಯಿದೆ, ಪ್ಲಾಸ್ಟಿಕ್ ಬಿಚ್ಚದೆ.

ತಾನೆಲ್ಲಿದ್ದೇನೆಂದು ಉಪಗ್ರಹದಿಂದ ಖಚಿತವಾಗುವವರೆಗೆ ಆ ಡಬ್ಬಿ ಬಾಯಿ ಬಿಡುವುದಿಲ್ಲವಂತೆ. ಭಾವನಂಥವರಿಗೆ ಅಷ್ಟು ವಿವೇಕವಿಲ್ಲ, ನಿಜ. ಅವರು ತಮ್ಮ ಪ್ರೀತಿಯನ್ನೂ ನಾಲ್ಕು ಜನರ ಕಣ್ಣಿಗೆ ಬೀಳುವಲ್ಲೇ ಇಟ್ಟು ಕೆಡಿಸುತ್ತಾರೆ. ಆದರೆ ಅದು ಕೆಟ್ಟಿತೆಂದು ತಿಳಿದಾಗ, ನಾಲ್ಕು ಜನ ನೋಡುತ್ತಿದ್ದಾರೆಂಬುದನ್ನೇ ಮರೆತು ಬರಿಗಾಲಲ್ಲಿ ಓಡುತ್ತಾರೆ.