ಸಣ್ಣತಾಯಮ್ಮನ ಎದೆನೋವು ಸುಳ್ಳಲ್ಲ

ಎದೆನೋವು ಅಂದರೆ ನಮ್ಮ ಕಡೆ ಮೊದಲು ಓಡಿಬರುವುದು ಡಾಕ್ಟರಲ್ಲ, ಸೋಡಾ. ಅದರ ಹಿಂದೆ ಓಮಿನ ಕಾಳು, ಅದರ ಹಿಂದೆ ಬೀದಿಯ ಜನ, ತಲೆಗೊಂದು ಮಾತು. ಹರದನಹಳ್ಳಿಯ ಸಣ್ಣತಾಯಮ್ಮನಿಗೂ ಹಾಗೇ ಆಯಿತು.

ಸಣ್ಣತಾಯಮ್ಮ ಊರಿನ ಶಾಲೆಯಲ್ಲಿ ಬಿಸಿಯೂಟ ಮಾಡುವಾಕೆ. ವಯಸ್ಸು ನಲವತ್ತು. ಇಬ್ಬರು ಹಿಡಿದು ಇಳಿಸುವ ಸಾರಿನ ಪಾತ್ರೆಯನ್ನು ಒಬ್ಬಳೇ ಇಳಿಸುವ ಗಟ್ಟಿಗಿತ್ತಿ. ಅಂಥವಳು ಒಂದು ಮಂಗಳವಾರ ಅನ್ನ ಬಸಿಯುತ್ತಿದ್ದವಳು ಎದೆ ಹಿಡಿದುಕೊಂಡು ಗೋಡೆಗೆ ಒರಗಿ ಕೂತುಬಿಟ್ಟಳು. ಎದೆಯ ಮೇಲೆ ರುಬ್ಬುಗುಂಡು ಇಟ್ಟ ಹಾಗೆ ಭಾರ. ಉಸಿರು ಒಳಗೆ ಇಳಿಯದು. ಕೈಯೆಲ್ಲ ಜೋಮು, ಮೈಯೆಲ್ಲ ಬೆವರು.

"ಗ್ಯಾಸು ಕಣ್ರೋ, ಒಂದು ಸೋಡಾ ತನ್ನಿ" ಅಂದರು ಯಾರೋ.

ಪುಣ್ಯಕ್ಕೆ ಅವತ್ತು ಮಕ್ಕಳಿಗೆ ಜಂತುಹುಳದ ಮಾತ್ರೆ ಕೊಡಲು ಆಶಾ ಕಾರ್ಯಕರ್ತೆ ಶಶಿರೇಖಾ ಶಾಲೆಗೆ ಬಂದಿದ್ದಳು. "ಗ್ಯಾಸೋ ಹಾರ್ಟೋ ನಾವ್ಯಾರೂ ಯೋಳಕಾಗಲ್ಲ. ಅಕ್ಕುನ್ನ ನಡುಸ್ಬ್ಯಾಡಿ, ಬೈಕ್ ಮ್ಯಾಲೂ ಕೂರುಸ್ಬ್ಯಾಡಿ" ಎಂದವಳೇ 108ಕ್ಕೆ ಫೋನ್ ಮಾಡಿ, ಚಾಮರಾಜನಗರದ ಆಸ್ಪತ್ರೆಗೆ ಜೊತೆಯಲ್ಲೇ ಹೋದಳು.

ಇ.ಸಿ.ಜಿ. ಆಯಿತು, ರಕ್ತ ಪರೀಕ್ಷೆ ಆಯಿತು. ಸಂಜೆ ಇನ್ನೊಂದು ಸಲ ಎರಡೂ ಆಯಿತು. "ನಿಮ್ಮ ಹೃದಯ ಚೆನ್ನಾಗಿದೆಯಮ್ಮ" ಎಂದರು ಡಾಕ್ಟರು.

ಅಲ್ಲಿಗೆ ಕಥೆ ಮುಗಿಯಬೇಕಿತ್ತು. ಎಲ್ಲಿ ಮುಗಿಯಿತು?

ಮನೆಗೆ ಬಂದ ಕೂಡಲೇ ಅತ್ತೆ ಚಿಕ್ಕಮಲ್ಲಮ್ಮ, "ಏನೂ ಇಲ್ವಂತಲ್ಲವ್ವ! ಅಂಗಾರೆ ಊರ್ನೆಲ್ಲ ಒಂದ್ ಮಾಡ್ದೆಯಲ್ಲ, ಯಾತಕ್ಕೆ?" ಎಂದರು. ಗಂಡ ಗುರುಸ್ವಾಮಿ ಒಳ್ಳೆಯವನೇ. "ಮನಸ್ಗೆ ಅಚ್ಕಬ್ಯಾಡ ಬುಡು" ಎಂದು ಅರಿಶಿನದ ಹೊಲಕ್ಕೆ ಹೋದ. ಬಿಡು ಅಂದ ಕೂಡಲೇ ಬಿಟ್ಟುಹೋಗಲು ಮನಸ್ಸಿಗೆ ಹತ್ತಿದ್ದೇನು ಕಾಲಿಗೆ ಹತ್ತಿದ ಕೆಸರೇ?

ತಿಂಗಳೊಳಗೆ ನೋವು ಇನ್ನೆರಡು ಸಲ ಬಂತು. ಎರಡು ಸಲವೂ ಆಸ್ಪತ್ರೆ, ಎರಡು ಸಲವೂ ಅದೇ ಮಾತು: ಹೃದಯ ಚೆನ್ನಾಗಿದೆ. ಸಣ್ಣತಾಯಮ್ಮನಿಗೆ ಮಾತ್ರ ನಂಬಿಕೆಯೇ ಬರಲಿಲ್ಲ. ಸಾಯುವವರ ಮುಂದೆ ನಿಜ ಹೇಳುವವರು ಯಾರಿದ್ದಾರೆ? ಅವಳ ಅಪ್ಪನಿಗೆ ಕ್ಯಾನ್ಸರ್ ಆಗಿದ್ದಾಗ ಅವಳೇ, "ಬರೀ ಉಣ್ಣು ಕಣಪ್ಪ, ವಾಸಿಯಾಯ್ತದೆ" ಎಂದಿದ್ದಳು. ಈಗ ಎಲ್ಲರೂ ಸೇರಿ ತನಗೂ ಹಾಗೇ ಹೇಳುತ್ತಿದ್ದಾರೆ ಎಂದುಕೊಂಡಳು. ಬಿಸಿಯೂಟದ ಕೆಲಸಕ್ಕೆ ಹೋಗುವುದನ್ನೇ ಬಿಟ್ಟಳು.

ಬಿಟ್ಟು ಸುಮ್ಮನೆ ಕೂರಲಿಲ್ಲ. ತಾನು ಕಣ್ಣು ಮುಚ್ಚುವುದರೊಳಗೆ ಮಗಳು ಪವಿತ್ರಳ ಮದುವೆ ಮಾಡಿಬಿಡಬೇಕು ಎಂದು ಹೊರಟಳು. ಪವಿತ್ರ ನರ್ಸಿಂಗ್ ಎರಡನೇ ವರ್ಷ ಓದುತ್ತಿದ್ದಳು. ಚಂದಕವಾಡಿಯ ಗಂಡು ಗೊತ್ತಾಯಿತು. ಸೋಮವಾರ ಎಲೆ ಅಡಿಕೆ ಬದಲಾಯಿಸುವುದು ಎಂದಾಯಿತು. ಗಂಡಿನ ಕಡೆಯವರು, "ಓದು ಸಾಕು" ಎಂದು ಮೊದಲೇ ಹೇಳಿದ್ದರು. ಓರಗಿತ್ತಿ ಪುಟ್ಟಸಿದ್ದಮ್ಮ ಹೃದಯಾಘಾತವಾಗಿ ತೀರಿಕೊಂಡು ಆಗ ನಾಲ್ಕು ತಿಂಗಳು. ಸಾವಾದ ಮನೆಯಲ್ಲಿ ವರ್ಷದೊಳಗೆ ಒಂದು ಶುಭಕಾರ್ಯ ಆಗಬೇಕು ಅನ್ನುವ ಮಾತಿದೆಯಲ್ಲ, ಹಾಗಾಗಿ ಈ ಅವಸರ ಏಕೆಂದು ಯಾರೂ ಕೇಳಲಿಲ್ಲ.

"ಇನ್ನೆರಡು ವರ್ಸ ಕಣವ್ವ, ಓದು ಮುಗೀಲಿ" ಎಂದು ಪವಿತ್ರ ಅತ್ತಳು.

"ಸುಮ್ಕಿರಮ್ಮಿ" ಎಂದು ಗದರಿದಳು ಸಣ್ಣತಾಯಮ್ಮ. ಅಷ್ಟು ದಿನ ನಾನಿರಬೇಕಲ್ಲ ಮಗಳೇ ಎಂದು ಬಾಯಿಬಿಟ್ಟು ಹೇಳುವುದು ಹೇಗೆ?

ಶುಕ್ರವಾರ ಶಶಿರೇಖಾ ಮನೆಗೆ ಬಂದಳು. ನೋವು ಎಲ್ಲಿ ಎಂದು ಕೇಳಿದವರು ಬೇಕಾದಷ್ಟು ಜನ. ಅವಳು ಬೇರೆಯೇ ಕೇಳಿದಳು. "ತಾಯಕ್ಕ, ನೋವು ಯಾವಾಗ್ಯಾವಾಗ ಬತ್ತದೆ?"

ಸಣ್ಣತಾಯಮ್ಮ ಯೋಚಿಸಿದಳು. "ಮೂರು ಸಲವೂ ಆ ಮನೆ ದಾಟುದ್ಮೇಲೇ ಬಂದಿದ್ದು ಕಣಕ್ಕ."

ಆ ಮನೆ ಪುಟ್ಟಸಿದ್ದಮ್ಮನದು. ಅವಳು ಸತ್ತ ಗಳಿಗೆ ಕೆಟ್ಟ ನಕ್ಷತ್ರ ಎಂದು ಬಾಗಿಲಿಗೆ ಮುಳ್ಳು ಕಟ್ಟಿ, ಆರು ತಿಂಗಳ ಮಟ್ಟಿಗೆ ಮನೆ ಬಿಟ್ಟಿದ್ದರು. ಶಾಲೆಗೆ ಹೋಗುವ ದಾರಿಯೂ ಅದೇ.

"ಕೆಟ್ಟ ನಕ್ಸತ್ರದಲ್ಲಿ ಸತ್ತೋರು ಒಬ್ರೇ ಓಗಲ್ವಂತೆ" ಎಂದಳು ಸಣ್ಣತಾಯಮ್ಮ. "ಜತೇಗೆ ಇನ್ನೊಬ್ಬರ್ನ ಕರ್ಕೊಂಡೋಯ್ತಾರಂತೆ. ಇಬ್ರೂ ಒಂದೇ ಮನೆ ಸೊಸೇರು. ಅವಳ್ಗೂ ಎದೇನೇ, ನಂಗೂ ಎದೇನೇ. ಮುಂದಿನ ಸರದಿ ನಂದೇಯಾ ಕಣಕ್ಕ."

ಬಾಗಿಲಲ್ಲಿ ಎಲೆ ಅಡಿಕೆ ಮೆಲ್ಲುತ್ತಾ ಕೂತಿದ್ದ ಚಿಕ್ಕಮಲ್ಲಮ್ಮನ ಬಾಯಿ ನಿಂತುಹೋಯಿತು. ಅಯ್ಯೋ ಶಿವನೇ! ಮಣ್ಣು ಮಾಡಿ ಬಂದ ದಿನ ನೆಂಟರ ಮುಂದೆ ಆ ಮಾತಾಡಿದವರು ಅವರೇ. ಆಡಿ ಮರೆತೂ ಬಿಟ್ಟಿದ್ದರು.

ಅಜ್ಜಿ ಎದ್ದು ಬಂದು ಸೊಸೆಯ ಪಕ್ಕ ಕೂತರು. "ನನ್ ನಾಲ್ಗೆ ಬಿದ್ದೋಗ. ಯಾರೋ ಅಂದದ್ದ ನಾನೂ ಅಂದೆ ಕಣವ್ವ. ನೀನು ಅದ್ನ ಇಷ್ಟು ದಿನ ಒಳ್ಗೇ ಮಡೀಕಂಡಿದ್ಯಾ?" ಎಂದು ಕಣ್ಣೊರೆಸಿಕೊಂಡರು. ಸಣ್ಣತಾಯಮ್ಮನೂ ಬಿಕ್ಕಿ ಬಿಕ್ಕಿ ಅತ್ತಳು. ನಾಲ್ಕು ತಿಂಗಳಿಂದ ಅಳದೇ ಇದ್ದ ಅಳು ಅದು.

ಅಳು ನಿಂತ ಮೇಲೆ ಶಶಿರೇಖಾ ಹೇಳಿದಳು. "ಓದ್ವರ್ಸ ನಿಮ್ಮೊಲದತ್ರ ಚಿರತೆ ಬಂದಿತ್ತಲ್ಲ ಅಕ್ಕ, ಅದು ಕೂಗಿದ್ದು ಕೇಳಿ ನಿಂಗೆ ಎಂಗಾಯ್ತು?"

"ಎದೆ ಡವಡವ ಅಂತ ಒಡ್ಕತು. ಕೈಕಾಲು ತಣ್ಣಗಾದೋ. ಉಸುರೇ ಬರ್ನಿಲ್ಲ."

"ಈಗ ಆಯ್ತಿರೋದೂ ಅದೇಯ. ಎದ್ರುಗೆ ಚಿರತೆ ಇಲ್ಲ. ಆದ್ರೆ ಭಯ ಅದೆ. ಮೈಗೆ ಎಲ್ಡೂ ಒಂದೇ. ಉಸುರು ಬಿರಬಿರ ಆಯ್ತದೆ, ಎದೆ ಬಿಗೀತದೆ, ನೋಯ್ತದೆ. ನೋವು ನಿಜ ಕಣಕ್ಕ, ನೀನು ನಾಟ್ಕ ಮಾಡ್ತಿಲ್ಲ. ಡಾಕ್ಟ್ರು ಅಂದದ್ದೂ ನಿಜ, ನಿನ್ ಹಾರ್ಟು ಚೆನ್ನಾಗದೆ. ಇದ್ಕೂ ಡಾಕ್ಟ್ರವ್ರೆ. ನಾಳೆ ಓಗನ ನಡಿ."

"ಮನಸ್ಸಿನ್ ಡಾಕ್ಟ್ರತ್ರಕಾ?" ಚಿಕ್ಕಮಲ್ಲಮ್ಮ ಬೆಚ್ಚಿದರು. "ಉಚ್ಚು ಅಂದಾರು ಕಣವ್ವ! ಬೀಗ್ರು ಕಿವಿಗೆ ಬಿದ್ರೆ?"

"ನಿಮ್ಗೆ ತಿಂಗ್ಳು ತಿಂಗ್ಳು ಬಿಪಿ ಮಾತ್ರೆ ತಂದ್ಕೊಡ್ತೀನಲ್ಲ ದೊಡ್ಡವ್ವ, ಅದ್ಕೆ ಯಾವ ಬೀಗ್ರು ಏನಂದ್ರು?"

ಬೆಳಗ್ಗೆ ಎಲ್ಲರಿಗಿಂತ ಮೊದಲು ಸೀರೆ ಬದಲಾಯಿಸಿ ಬಸ್ಸಿಗೆ ಹೊರಟು ನಿಂತವರು ಅಜ್ಜಿಯೇ.

ಆಸ್ಪತ್ರೆಯಲ್ಲಿ ಮನೋವೈದ್ಯೆ ಮೂರೂ ಸಲದ ಚೀಟಿಗಳನ್ನು ನೋಡಿದರು. ಆಮೇಲೆ ಸಣ್ಣತಾಯಮ್ಮ ಹೇಳಿದ್ದನ್ನೆಲ್ಲ ಕೇಳಿದರು. ನೋವು ಶುರುವಾದಾಗ ಉಸಿರಾಡುವುದನ್ನು ಕಲಿಸಿದರು: ಮೂಗಿನಿಂದ ನಾಲ್ಕು ಎಣಿಸುವಷ್ಟು ಒಳಗೆ, ಬಾಯಿಂದ ಆರು ಎಣಿಸುವಷ್ಟು ನಿಧಾನವಾಗಿ ಹೊರಗೆ, ಬಿಸಿ ಅಂಬಲಿ ಆರಿಸುವ ಹಾಗೆ. "ಹದಿನೈದು ದಿನಕ್ಕೊಮ್ಮೆ ಬನ್ನಿ, ಮಾತಾಡೋಣ. ಬೇಕಾದರೆ ಮಾತ್ರೆ ಕೊಡುತ್ತೇನೆ. ನೋವು ಬೇರೆ ಥರ ಬಂದರೆ, ಜಾಸ್ತಿಯಾದರೆ, ತಡಮಾಡದೆ ಆಸ್ಪತ್ರೆಗೆ ಬರಬೇಕು. ಮತ್ತೆ ಸಣ್ಣತಾಯಮ್ಮ, ಭಯದಲ್ಲಿರುವಾಗ ದೊಡ್ಡ ನಿರ್ಧಾರ ಮಾಡಬೇಡಿ" ಎಂದರು.

ಆ ಕೊನೆಯ ಮಾತು ಬಸ್ಸಿನುದ್ದಕ್ಕೂ ಅವಳ ತಲೆಯಲ್ಲಿ ಕೊರೆಯಿತು. ಮನೆಗೆ ಬಂದವಳೇ ಗುರುಸ್ವಾಮಿಯಿಂದ ಫೋನ್ ಇಸಿದುಕೊಂಡಳು. "ನಾನು ಮಾತಾಡ್ಲಾ?" ಎಂದ ಅವನು. "ಬ್ಯಾಡ. ಕುದುರ್ಸಿದ್ದು ನಾನು" ಎಂದಳು.

ಚಂದಕವಾಡಿಗೆ ಫೋನ್ ರಿಂಗಾಗುತ್ತಿದ್ದ ಹಾಗೇ ಎದೆ ಬಿಗಿಯಿತು. ಅದೇ ಭಾರ, ಅದೇ ಜೋಮು. ಸಣ್ಣತಾಯಮ್ಮ ಗೋಡೆಗೆ ಒರಗಿ ಕಣ್ಣು ಮುಚ್ಚಿದಳು. ಒಳಗೆ ನಾಲ್ಕು, ಹೊರಗೆ ಆರು. ಮತ್ತೆ ನಾಲ್ಕು, ಮತ್ತೆ ಆರು. ನೋವು ಪೂರ್ತಿ ಹೋಗಲಿಲ್ಲ. ಆದರೆ ಮಾತಾಡಲು ಜಾಗ ಬಿಟ್ಟಿತು.

"ಸೋಮ್ವಾರ ಬರ್ಬ್ಯಾಡಿ ಕಣಕ್ಕ, ಬ್ಯಾಸ್ರ ಮಾಡ್ಕಬ್ಯಾಡಿ. ಮಗು ಓದ್ಕಳ್ಲಿ. ನಮ್ಗೇನೂ ಅವಸ್ರ ಇಲ್ಲ" ಎಂದಳು. ಆಮೇಲೆ ಆ ಕಡೆಯವರಿಗಿಂತ ಹೆಚ್ಚಾಗಿ ತನಗೇ ಹೇಳಿಕೊಳ್ಳುವ ಹಾಗೆ ಹೇಳಿದಳು. "ನಾನಿರ್ತೀನಿ."

ಒಳಗಿದ್ದ ಪವಿತ್ರ ಬಂದು ಅವ್ವನನ್ನು ಗಟ್ಟಿಯಾಗಿ ತಬ್ಬಿಕೊಂಡಳು.

ಓದುತ್ತಿರುವ ಅಕ್ಕ, ಅಣ್ಣ, ಎದೆನೋವು ಬಂದರೆ ಸೋಡಾ ಹುಡುಕಬೇಡಿ, ಭಯವಿರಬಹುದು ಎಂದು ಮನೆಯಲ್ಲೂ ಕೂರಬೇಡಿ. ಮೊದಲು 108, ಮೊದಲು ಆಸ್ಪತ್ರೆ. ಹೃದಯ ಚೆನ್ನಾಗಿದೆ ಎಂದು ಡಾಕ್ಟರು ಹೇಳಿದ ಮೇಲೂ ನೋವು ಮತ್ತೆ ಮತ್ತೆ ಬರುತ್ತಿದ್ದರೆ ಅದು ನಾಟಕವಲ್ಲ, ಹುಚ್ಚೂ ಅಲ್ಲ. ಅದಕ್ಕೆ ಚಿಕಿತ್ಸೆ ಇದೆ. ನಿಮ್ಮ ಆಶಾ ಕಾರ್ಯಕರ್ತೆಯನ್ನು ಕೇಳಿ. ಇಲ್ಲವೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ಹಗಲಾಗಲಿ ರಾತ್ರಿಯಾಗಲಿ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ. ನಿಮ್ಮ ಮನೆಯಲ್ಲಿ ಯಾರಾದರೂ ಎದೆ ಹಿಡಿದುಕೊಂಡು ಸುಮ್ಮನೆ ಕೂತಿದ್ದಾರೆಯೇ? ಆಸ್ಪತ್ರೆಗೆ ತೋರಿಸಿದ ಮೇಲೆ ಇವತ್ತೇ ಅವರ ಪಕ್ಕ ಕೂತು, ಯಾತರ ಭಯ ಎಂದು ಕೇಳಿ. ಅವರು ಹೇಳಿ ಮುಗಿಸುವವರೆಗೂ ಎದ್ದು ಹೋಗಬೇಡಿ.