ಕಲ್ಲಿನ ಮೇಲಿನ ರೋಸ್ ಡಾಲ್ಟನ್

ಅರ್ಜೆಂಟೀನಾದ ಲಾಸ್ ತಾಲಾಸ್ ಊರಿನ ಸ್ಮಶಾನದಲ್ಲಿ ಐರಿಷ್ ಸಂಘದವರದ್ದೇ ಬೇರೆ ಒಂದು ಮೂಲೆ. ಬೇಲಿ ಬೇರೆ, ಗೇಟು ಬೇರೆ, ಗೇಟಿನ ಬೀಗವೂ ಬೇರೆ. ಸತ್ತ ಮೇಲೂ ಅಕ್ಕಪಕ್ಕದವರ ಜೊತೆ ಬೆರೆಯಬಾರದಲ್ಲ! ಅಲ್ಲಿನ ಕಲ್ಲುಗಳನ್ನೆಲ್ಲ ಸಂಘವೇ ಕೆತ್ತಿಸುತ್ತಿತ್ತು. ಮೇಲೆ ಗಂಡಸಿನ ಹೆಸರು, ಅವನ ಮುತ್ತಜ್ಜ ಐರ್ಲೆಂಡಿನ ಯಾವ ಹಳ್ಳಿಯಿಂದ ಬಂದು ಹಡಗು ಹತ್ತಿದ ಎಂಬ ವಿವರ, ಕೆಳಗೆ ಹೆಂಡತಿಯ ಹೆಸರು. ಹೆಂಡತಿ ಅರ್ಜೆಂಟೀನಾದ ಮಣ್ಣಿನವಳೇ ಆಗಿದ್ದರೆ ಹೆಸರು ಗಿಸರು ಇಲ್ಲ. ‘ಮತ್ತು ಪತ್ನಿ’ ಎಂದು ಕೆತ್ತಿ ಕೈ ತೊಳೆದುಕೊಳ್ಳುತ್ತಿದ್ದರು.

ಎಲ್ವಿರಾ ಗೆರಾಟಿಯ ಅಮ್ಮ ರಮೋನಾ ಕಿರೋಗಾ ಹನ್ನೊಂದು ವರ್ಷದಿಂದ ಅಂಥ ಒಂದು ‘ಮತ್ತು ಪತ್ನಿ’ಯ ಕೆಳಗೆ ಮಲಗಿದ್ದಳು. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಬಟ್ಟೆ ಹೊಲಿದು ಬದುಕುತ್ತಿದ್ದ ಎಲ್ವಿರಾಗೆ ಅರವತ್ತೆರಡು ವಯಸ್ಸು. ಗಂಡನಿಲ್ಲ, ಮಕ್ಕಳಿಲ್ಲ. ತಾನು ಹೋದರೆ ಆ ಹೆಸರು ಗೊತ್ತಿರುವವರು ಯಾರೂ ಉಳಿಯುವುದಿಲ್ಲ ಎಂಬುದೊಂದೇ ಅವಳಿಗಿದ್ದ ಸಂಕಟ. ಪ್ರತಿ ವರ್ಷ ಸಂಘಕ್ಕೆ ಅರ್ಜಿ ಬರೆದಳು. ಪ್ರತಿ ವರ್ಷವೂ ಸಂಘದ ಅಧ್ಯಕ್ಷೆ ನೋರ್ಮಾ ಕಿಲ್‌ಮರಿ, ಪದ್ಧತಿ ಮುರಿಯಲು ತನಗೇನು ಅಧಿಕಾರ ಎಂದು ಮೂಗು ಮುರಿದಳು.

ನೋರ್ಮಾಳ ಜಂಬಕ್ಕೆ ಊರಗಲ ಬಾಯಿ. ನಾಲ್ಕು ತಲೆಮಾರಿನಿಂದ ತಮ್ಮ ಮನೆಗೆ ಹೊರಗಿನ ರಕ್ತ ಸೇರಿಲ್ಲ ಎಂದು ಆ ಸೀಮೆಯ ಮಾಟೆ ಚಹಾ ಹೀರುತ್ತಾ, ಸ್ಪ್ಯಾನಿಷಿನಲ್ಲೇ, ಯಾರು ಕೇಳಲಿ ಬಿಡಲಿ ಹೇಳುತ್ತಿದ್ದಳು. ಐರ್ಲೆಂಡನ್ನು ಕಣ್ಣಿಂದ ಕಂಡವಳಲ್ಲ. ಅಲ್ಲಿನ ಸರ್ಕಾರಕ್ಕೆ ಪಾಸ್‌ಪೋರ್ಟ್ ಕೇಳಿ ಬರೆದಾಗ, ಮುತ್ತಜ್ಜನ ಲೆಕ್ಕ ನಡೆಯುವುದಿಲ್ಲ, ಅಜ್ಜನಾದರೂ ಅಲ್ಲಿ ಹುಟ್ಟಿರಬೇಕು ಎಂದು ಉತ್ತರ ಬಂದಿತ್ತು. ಆ ಕಾಗದವನ್ನು ಅವಳು ಯಾರಿಗೂ ತೋರಿಸಲಿಲ್ಲ. ಅಂಚೆಯವನು ತೋರಿಸಿದ್ದ.

ಆ ವರ್ಷ ಫೆಬ್ರವರಿಯಲ್ಲಿ ಡಬ್ಲಿನ್‌ನಿಂದ ಡಾಕ್ಟರ್ ಫಿಂಟನ್ ಟೂಹಿ ಎಂಬ ವಿದ್ವಾಂಸ ಟೇಪ್ ರೆಕಾರ್ಡರ್ ಹೆಗಲಿಗೇರಿಸಿ ಬಂದ. ಐರ್ಲೆಂಡಿನಿಂದ ಹೋದವರು ಜಗತ್ತಿನ ಯಾವ ಯಾವ ಮೂಲೆಯಲ್ಲಿ ಏನೇನು ಉಳಿಸಿಕೊಂಡಿದ್ದಾರೆ ಎಂದು ಹುಡುಕುವುದು ಅವನ ಉದ್ಯೋಗ. ನೋರ್ಮಾ ರೇಷ್ಮೆ ಶಾಲು ಹೊದ್ದು ಅವನ ಮುಂದೆ ಇಂಗ್ಲಿಷ್ ಪದ್ಯ ಒಪ್ಪಿಸಿದಳು. ಅದು ಬೋರ್ಡಿಂಗ್ ಶಾಲೆಯ ಇಂಗ್ಲಿಷ್, ಇಸ್ತ್ರಿ ಹಾಕಿದ್ದು. ಟೂಹಿ ನಯವಾಗಿ ಕೇಳಿಸಿಕೊಂಡು ಯಂತ್ರ ನಿಲ್ಲಿಸಿದ. ಹಳೆಯ ಹೆಂಗಸರು ಅಡುಗೆಮನೆಯಲ್ಲಿ ಜಪಮಾಲೆ ಹಿಡಿದು ಹೇಳುತ್ತಿದ್ದ ಪ್ರಾರ್ಥನೆ, ಅದೂ ಐರ್ಲೆಂಡಿನ ಹಳ್ಳಿಯ ರಾಗದಲ್ಲೇ, ಯಾರಿಗಾದರೂ ಬರುತ್ತದೆಯೇ ಎಂದು ಕೇಳಿದ. ಯಾರಿಗೂ ಬರುತ್ತಿರಲಿಲ್ಲ. ಕೊನೆಗೆ ಮೂಲೆಯಲ್ಲಿದ್ದ ಮುದಿ ಪಾದ್ರಿ, ಎಲ್ವಿರಾಗೆ ಬರುತ್ತದಲ್ಲ ಎಂದುಬಿಟ್ಟರು. ನೋರ್ಮಾಳ ಮುಖ ಹುಳಿ ಹಿಂಡಿದಂತಾಯಿತು.

ಎಲ್ವಿರಾಗೆ ಅದು ಬಂದದ್ದು ಅಮ್ಮನಿಂದ. ರಮೋನಾ ಗೆರಾಟಿಗಳ ಮನೆಯ ಅಡುಗೆಯವಳಾಗಿದ್ದವಳು. ಆ ಮನೆಯ ಮಗ ಪತ್ರಿಸಿಯೋ ಅವಳನ್ನು ಚರ್ಚಿನಲ್ಲೇ ಮದುವೆಯಾದ. ಅತ್ತೆ ಹಾಸಿಗೆ ಹಿಡಿದಾಗ ಐರಿಷ್ ಸೊಸೆಯರೆಲ್ಲ ಒಬ್ಬೊಬ್ಬರಾಗಿ ಜಾರಿಕೊಂಡರು. ಒಂಬತ್ತು ವರ್ಷ ಮಲ ಮೂತ್ರ ಬಳಿದವಳು ರಮೋನಾ. ದಿನಾ ಸಂಜೆ ಆ ಮುದುಕಿಯ ಪ್ರಾರ್ಥನೆಗೆ ದನಿಗೂಡಿಸಿ ದನಿಗೂಡಿಸಿ, ಅವಳ ರಾಗವೇ ಇವಳ ಗಂಟಲಲ್ಲಿ ಕೂತಿತು. ಒಂಬತ್ತು ವರ್ಷದಲ್ಲಿ ಒಂದು ಸಲವೂ ಮುದುಕಿ ಅವಳನ್ನು ಹೆಸರು ಹಿಡಿದು ಕರೆಯಲಿಲ್ಲ. ‘ಏಯ್ ಹುಡುಗಿ’ ಎನ್ನುತ್ತಿದ್ದಳು.

ಮರುದಿನವೇ ನೋರ್ಮಾ ಕೇಕು ಹಿಡಿದು ಎಲ್ವಿರಾಳ ಓಣಿಗೆ ಬಂದಳು. ಮೂವತ್ತು ವರ್ಷದಲ್ಲಿ ಆ ಓಣಿಗೆ ಕಾಲಿಟ್ಟವಳಲ್ಲ.

“ನೀನೂ ನಮ್ಮವಳೇ ಅಲ್ವೇನೇ ಎಲ್ವಿರಾ,” ಎಂದಳು.

“ಯಾವತ್ತಿಂದ?” ಎಂದು ಎಲ್ವಿರಾ ಹೊಲಿಗೆ ಯಂತ್ರ ನಿಲ್ಲಿಸದೆ ಕೇಳಿದಳು.

ಮಾತು ಸುತ್ತಿ ಬಳಸಿ ನಡೆಯಿತು. ಟೂಹಿಯ ಯಂತ್ರದ ಮುಂದೆ ಪ್ರಾರ್ಥನೆ ಹೇಳಲು ಎಲ್ವಿರಾಳದು ಒಂದೇ ಷರತ್ತು: ಕಲ್ಲಿನ ಮೇಲೆ ಅಮ್ಮನಿಗೊಂದು ಹೆಸರು ಬೇಕು. ಮಾರ್ಚ್ ಹದಿನೇಳು ಸಂತ ಪ್ಯಾಟ್ರಿಕ್‌ನ ಹಬ್ಬ, ಅಷ್ಟರೊಳಗೆ ಹೊಸ ಕಲ್ಲು ನಿಲ್ಲಿಸುತ್ತೇನೆ ಎಂದು ನೋರ್ಮಾ ಶಿಲುಬೆ ಮುಟ್ಟಿ ಮಾತು ಕೊಟ್ಟಳು.

ಎಲ್ವಿರಾ ಮೂರು ಮಧ್ಯಾಹ್ನ ಹಾಡಿದ ಹಾಗೆ ಪ್ರಾರ್ಥಿಸಿದಳು. ಟೂಹಿ ಕಣ್ಣೊರೆಸಿಕೊಂಡ. ತನ್ನ ಅಜ್ಜಿಯೇ ಎದ್ದು ಬಂದ ಹಾಗಾಯಿತು ಎಂದ. ಯಾರು ಕಲಿಸಿದರು ಎಂದು ಕೇಳಿದಾಗ ಎಲ್ವಿರಾ ಬಾಯಿ ತೆರೆಯುವ ಮೊದಲೇ, ಪಕ್ಕದಲ್ಲಿ ಕಾವಲು ಕೂತಿದ್ದ ನೋರ್ಮಾ, ಅವಳ ತಾಯಿ, ಅಪ್ಪಟ ನಮ್ಮ ಕಡೆಯವಳು ಎಂದಳು. ಎಲ್ವಿರಾ ಕಲ್ಲಿನ ಆಸೆಗೆ ತುಟಿ ಬಿಗಿದುಕೊಂಡಳು. ಅದಕ್ಕೆ ಆಮೇಲೆ ತನ್ನನ್ನು ತಾನೇ ಬೈದುಕೊಂಡಳು.

ಹಬ್ಬಕ್ಕೆ ಎಂಟು ದಿನ ಇರುವಾಗ ಕಲ್ಲು ಬಂತು. ಒಳ್ಳೆಯ ಕಪ್ಪು ಕಲ್ಲು, ಚಿನ್ನದ ಅಕ್ಷರ. ‘ಪತ್ರಿಸಿಯೋ ಗೆರಾಟಿ, ಮತ್ತು ಆತನ ಪತ್ನಿ ರೋಸ್ ಡಾಲ್ಟನ್.’ ಎಲ್ವಿರಾ ಎರಡು ಸಲ ಓದಿದಳು. ಬೇರೆಯವರ ಗೋರಿಗೆ ಬಂದೆನೇನೋ ಎಂದು ಆಚೀಚೆ ನೋಡಿದಳು. ಆಮೇಲೆ ಸೀದಾ ನೋರ್ಮಾಳ ಮನೆಗೆ ನಡೆದಳು.

ನೋರ್ಮಾ ಒಂಚೂರೂ ನಾಚಲಿಲ್ಲ. ಡಬ್ಲಿನ್‌ನವರು ಕಲ್ಲಿನ ಫೋಟೋ ಪುಸ್ತಕದಲ್ಲಿ ಹಾಕುತ್ತಾರೆ, ಅಲ್ಲಿ ಅಡುಗೆಯವಳ ಹೆಸರು ಹೇಗೆ ತೋರಿಸಲಿ ಎಂದು ತಿರುಗಿ ಕೇಳಿದಳು. ಗೆರಾಟಿಗಳ ಹಳ್ಳಿಯ ಕಡೆ ಡಾಲ್ಟನ್‌ಗಳು ಬೇಕಾದಷ್ಟಿದ್ದಾರಂತೆ, ಯಾರೂ ಹುಡುಕಿಕೊಂಡು ಬರುವುದಿಲ್ಲವಂತೆ.

“ಹೆಸರು ಬೇಕು ಅಂದೆ, ಹೆಸರು ಕೊಟ್ಟೆ. ಅದೂ ನಿಮ್ಮಮ್ಮನ ಹೆಸರಿಗಿಂತ ಚೆನ್ನಾಗಿರೋದನ್ನೇ ಕೊಟ್ಟಿದೀನಿ. ಇನ್ನೇನಮ್ಮ ನಿಂದು?”

ಎಲ್ವಿರಾ ಜಗಳವಾಡಲಿಲ್ಲ. ಇಂಥವರ ಜೊತೆ ಜಗಳವಾಡಿದರೆ ಅವರಿಗೆ ಮರ್ಯಾದೆ ಕೊಟ್ಟಂತಾಗುತ್ತದೆ. ಮರುದಿನ ಬೆಳಿಗ್ಗೆ ಪುರಸಭೆಗೆ ಹೋದಳು. ಅಲ್ಲಿನ ಗುಮಾಸ್ತ ಪುಸ್ತಕ ತಿರುವಿ ಹಾಕಿ ವಿಷಯ ಬಿಡಿಸಿ ಹೇಳಿದ. ಸಂಘದ ಹಕ್ಕು ಬೇಲಿಗೆ, ಕಲ್ಲಿಗೆ. ಎಲುಬಿನ ಹಕ್ಕು ಮಗಳದು.

ಎರಡು ದಿನ ಬಿಟ್ಟು, ಊಟ ಮುಗಿಸಿ ಸಂಘದವರೆಲ್ಲ ಗೊರಕೆ ಹೊಡೆಯುವ ಮಧ್ಯಾಹ್ನದ ಹೊತ್ತಿಗೆ, ಪುರಸಭೆಯ ಇಬ್ಬರು ಗೋರಿ ತೆಗೆಯುವವರು ಸರ್ಕಾರಿ ಕಾಗದ ತೋರಿಸಿ ಸ್ಮಶಾನದ ಕಾವಲುಗಾರನಿಂದ ಗೇಟು ತೆಗೆಸಿದರು. ಅಪ್ಪನನ್ನು ಅಲ್ಲೇ ಬಿಡೋಣವೇ ಎಂದು ಎಲ್ವಿರಾ ಒಂದು ಗಳಿಗೆ ಯೋಚಿಸಿದಳು. ಅಷ್ಟೆಲ್ಲ ಎದುರಿಸಿ ರಮೋನಾಳ ಕೈ ಹಿಡಿದವನು, ಈಗ ಡಾಲ್ಟನ್ ಎಂಬ ಯಾವಳೋ ಒಬ್ಬಳ ಜೊತೆ ಯಾಕೆ ಮಲಗಬೇಕು? ಇಬ್ಬರನ್ನೂ ಬೇಲಿಯಾಚೆ, ಊರವರ ಎಲುಬು ಇಡುವ ಸಾರ್ವಜನಿಕ ಗೋಡೆಯ ಮೂರನೇ ಸಾಲಿನ ಗೂಡಿನಲ್ಲಿಟ್ಟು, ಇಬ್ಬರ ಹೆಸರನ್ನೂ ಪೂರ್ತಿ ಬರೆಸಿದಳು. ಹೊಸ ಕಲ್ಲು ನಿಲ್ಲಿಸುವಾಗ ಮಣ್ಣು ಮೊದಲೇ ಸಡಿಲವಾಗಿತ್ತು, ಮತ್ತೆ ಅಗೆದದ್ದು ಸಂಘದವರಲ್ಲಿ ಯಾರಿಗೂ ತಿಳಿಯಲಿಲ್ಲ.

ಮಾರ್ಚ್ ಹದಿನೇಳಕ್ಕೆ ಹಸಿರು ಪಟ್ಟಿ ಕಟ್ಟಿಕೊಂಡು ಎಲ್ಲರೂ ಬಂದರು. ನೋರ್ಮಾ ಕಪ್ಪು ಕಲ್ಲಿಗೆ ಕೈಯಿಟ್ಟು, ಇಲ್ಲಿ ಐರ್ಲೆಂಡಿನ ಎಲುಬು ಮಲಗಿದೆ ಎಂದು ಗಂಟಲು ಗದ್ಗದಿಸಿ ಭಾಷಣ ಮಾಡಿದಳು. ಟೂಹಿ ದೊಡ್ಡ ಹೂಹಾರ ಹಿಡಿದು ನಿಂತಿದ್ದ. ತಾಯಿಯ ಗೋರಿಯ ಮುಂದೆ ಆ ಪ್ರಾರ್ಥನೆ ಒಮ್ಮೆ ಹೇಳಬೇಕು ಎಂದು ಎಲ್ವಿರಾಳನ್ನು ಕೇಳಿಕೊಂಡ.

“ಇಲ್ಲಿ ಯಾರೂ ಇಲ್ಲ ಡಾಕ್ಟ್ರೇ,” ಎಂದಳು ಎಲ್ವಿರಾ, ಎಲ್ಲರಿಗೂ ಕೇಳುವ ಹಾಗೆ. “ಈ ಗುಂಡಿ ಖಾಲಿ. ಅಪ್ಪ ಅಮ್ಮ ಇಬ್ಬರನ್ನೂ ನಾನು ಕರ್ಕೊಂಡ್ ಹೋಗಿದೀನಿ. ನಮ್ಮಮ್ಮನ ಹೆಸರು ರಮೋನಾ ಕಿರೋಗಾ. ನಿಮ್ಮ ಕಣ್ಣಲ್ಲಿ ನೀರು ತರಿಸಿದ್ದು ಅವಳ ಗಂಟಲು. ಬೇಲಿ ಆಚೆ ಗೋಡೇಲಿದಾಳೆ, ಬನ್ನಿ, ಅಲ್ಲಿ ಹೇಳ್ತೀನಿ.”

ನೋರ್ಮಾ ಕಲ್ಲಿನ ಮೇಲಿಂದ ಕೈ ತೆಗೆದಳು. ಟೂಹಿ ಕೆಂಪಾದ. ಎಲ್ವಿರಾಳನ್ನು ನೋಡಿದ, ಚಿನ್ನದ ಅಕ್ಷರ ನೋಡಿದ, ಕ್ಯಾಮೆರಾ ಹಿಡಿದವನನ್ನು ನೋಡಿದ. ಆಮೇಲೆ ಗಡಿಯಾರ ನೋಡಿಕೊಂಡು, ಸಂಘದ ಊಟಕ್ಕೆ ಹೊತ್ತಾಯಿತಲ್ಲ, ಇನ್ನೊಮ್ಮೆ ಖಂಡಿತ ಬರುತ್ತೇನೆ ಎಂದು ತೊದಲಿದ. ಹೂಹಾರವನ್ನು ಖಾಲಿ ಗುಂಡಿಯ ಮೇಲೆಯೇ ಇಟ್ಟು, ಕಲ್ಲಿನ ಪಕ್ಕ ನೆಟ್ಟಗೆ ನಿಂತು ಫೋಟೋ ತೆಗೆಸಿಕೊಂಡ.

ಎಲ್ವಿರಾ ಅಷ್ಟು ಹೊತ್ತಿಗೆ ಗೇಟು ದಾಟಿದ್ದಳು.